ಮೆಟ್ಟಿಲಿಗೆ ಎರಡು ದೀಪ

ಕಟ್ಟಡ ಮುಗಿದ ಮೇಲೆ ಉಳಿಯುವಂಥದ್ದೇನನ್ನೂ ಹಮಸಾಕಿ ತೊಮೋಯೆ ಸಾನ್ ಕಟ್ಟಿಲ್ಲ. ಕೆಲಸ ನಡೆಯುವಷ್ಟು ದಿನ ಉರಿಯಬೇಕಾದ ದೀಪಗಳನ್ನು ತೂಗುಹಾಕುವುದು, ಮುಗಿದ ಮೇಲೆ ಬಿಚ್ಚಿಕೊಂಡು ಹೋಗುವುದು, ಇದೇ ಅವರ ಮೂವತ್ತೊಂದು ವರ್ಷದ ಕಸುಬು. ಗಂಡನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೂತು ಕೂತು ಬೇಜಾರಾಗಿ ವೈರಿಂಗ್ ಪರೀಕ್ಷೆ ಪಾಸು ಮಾಡಿದರಂತೆ. ಮೊದಲ ಸೈಟಿನಲ್ಲಿ ಎಲ್ಲರೂ ಅವರನ್ನು ಚಹಾ ಕೊಡಲು ಬಂದವರು ಅಂದುಕೊಂಡರಂತೆ. ಚಹಾ ಕೊಟ್ಟೇ ಏಣಿ ಹತ್ತಿದೆ ಎಂದು ಈಗಲೂ ಹೇಳಿಕೊಂಡು ನಗುತ್ತಾರೆ. ಎಡಗಾಲು ಸ್ವಲ್ಪ ಕುಂಟು. ಅದರ ಕಾರಣ ನಾನು ಕೇಳಿರಲಿಲ್ಲ, ಆ ನಡಿಗೆಯ ನಕಲು ಮಾತ್ರ ಮಾಡುತ್ತಿದ್ದೆ.

ನಾನು ನೀಮಿ, ಗಾರೆಯವನು. ಅವರ ಜೊತೆ ಆರು ಸೈಟುಗಳಲ್ಲಿ ಕೆಲಸ ಮಾಡಿದ್ದೇನೆ, ಆರರಲ್ಲೂ ಜಗಳವಾಡಿದ್ದೇನೆ. ಗಾರೆಯವನಿಗೆ ಬೆಳಕು ಪಕ್ಕದಿಂದ ಬೀಳಬೇಕು. ಆಗಲೇ ಗೋಡೆಯ ಉಬ್ಬುತಗ್ಗು ಕಾಣುವುದು. ತೊಮೋಯೆ ಸಾನ್ ಪ್ರತಿ ಮೆಟ್ಟಿಲ ಸಾಲಿಗೂ ಎರಡು ದೀಪ ಹಾಕುತ್ತಾರೆ, ಮೇಲೊಂದು, ಕೆಳಗೊಂದು. ಆ ಕೆಳಗಿನದರ ಮೇಲೇ ನನ್ನ ಕಣ್ಣು.

ಸಾಕಾಯಿ ಊರಿನ ಸೈಟಿನಲ್ಲಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ನಡುಹಗಲಲ್ಲೂ ಕತ್ತಲೆ. ಮೂರು ದಿನ ನಾನು ಕೆಳಗಿನ ದೀಪ ಬಿಚ್ಚಿಕೊಂಡೆ, ಮೂರು ದಿನವೂ ಅವರು ಮರಳಿ ಹಾಕಿದರು. ನನಗೆ ರೇಗಿತು. ಸೈಟಿನ ಮುಖ್ಯಸ್ಥ ಒನುಕಿ ಸಾನ್ ಹತ್ತಿರ ಹೋಗಿ ಕಿವಿ ಊದಿದೆ. ಆತ ಮೆಟ್ಟಿಲ ನಡುವೆ ನಿಂತು, ಬೆಳಕಿನ ಮೀಟರನ್ನು ಮೇಲಿನ ದೀಪಕ್ಕೆ ಹಿಡಿದು ನೋಡಿದ. ಅಂಕಿ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಒಂದು ಸಾಕು, ಇನ್ನೊಂದು ಗಾರೆಯವರಿಗಿರಲಿ ಎಂದ. ನಾನು ದೀಪ ಹೊತ್ತುಕೊಂಡು ಹೊರಟೆ.

ಮರುದಿನ ಎಂಟು ಜನ ಜಿಪ್ಸಮ್ ಹಲಗೆಗಳನ್ನು ಆ ಮೆಟ್ಟಿಲಿನಲ್ಲಿ ಕೆಳಗೆ ಸಾಗಿಸಬೇಕಿತ್ತು. ಕೆಲಸಕ್ಕೆ ಮುಂಚೆ ಎಂದಿನಂತೆ ಎಲ್ಲರೂ ಮೆಟ್ಟಿಲ ತಲೆಯಲ್ಲಿ ಸೇರಿದೆವು. ಪ್ರತಿಯೊಂದನ್ನೂ ಬೆರಳು ಮಾಡಿ ತೋರಿಸಿ ಸರಿ ಎಂದು ಕೂಗುವುದು ನಮ್ಮ ದಿನದ ಪದ್ಧತಿ. ಕೈಹಿಡಿ ಕಂಬಿ ಸರಿ ಎಂದೆವು. ದೀಪ ಎರಡು ಸರಿ ಎಂದೆವು. ಒನುಕಿ ಸಾನ್ ಕೂಡ ಕೂಗಿದ. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ, ನಾನೇ ಬರಿದು ಮಾಡಿದ ಕೊಕ್ಕೆಗೆ ಬೆರಳು ತೋರಿಸಿಕೊಂಡು.

ತೊಮೋಯೆ ಸಾನ್ ಕೂಗಿರಲಿಲ್ಲ. "ಎರಡನೇದು ಎಲ್ಲಿದೆ, ತೋರ್ಸಿ ಒನುಕಿ ಸಾನ್," ಎಂದರು.

ಆತ ಕೆಂಪಗಾಗಿ ಮೀಟರಿನ ಮಾತೆತ್ತಿದ. ಮೀಟರು ಹಲಗೆ ಹೊರೋದಿಲ್ಲ, ಹಲಗೆ ಹೊತ್ತು ಯಾರಾದರೂ ಇಳಿದು ತೋರಿಸಲಿ, ಆಮೇಲೆ ಈ ಎಂಟು ಜನರನ್ನು ಬಿಡೋಣ ಎಂದು ತೊಮೋಯೆ ಸಾನ್ ಪಟ್ಟು ಹಿಡಿದರು. ನಾನು ಮುಂದೆ ಬಂದೆ. ದಿನಾ ಓಡಾಡುವ ಮೆಟ್ಟಿಲು, ಕಣ್ಣು ಮುಚ್ಚಿ ಇಳಿಯಬಲ್ಲೆ ಎಂದು ಜಂಬ ಕೊಚ್ಚಿದೆ. ಅವರು ಹಿಂದಿನಿಂದ ನನ್ನ ಸೊಂಟದ ಬೆಲ್ಟು ಹಿಡಿದುಕೊಂಡೇ ಬಂದರು. ಮಗುವನ್ನು ನಡೆಸಿದ ಹಾಗೆ ಹಿಡಿದರಲ್ಲ ಎಂದು ನನಗೆ ಅವಮಾನವಾಯಿತು.

ದೀಪ ನನ್ನ ಬೆನ್ನಿಗಿತ್ತು. ನನ್ನ ನೆರಳು, ಹಲಗೆಯ ನೆರಳು ಎರಡೂ ಸೇರಿ ನನ್ನ ಪಾದವನ್ನೇ ನುಂಗಿದವು. ಎಂಟು ಮೆಟ್ಟಿಲು ಇಳಿದೆ, ನೆಲ ಬಂತು ಎಂದುಕೊಂಡು ಆರಾಮಾಗಿ ಕಾಲಿಟ್ಟೆ. ನೆಲ ಇರಲಿಲ್ಲ, ಇನ್ನೂ ಒಂದು ಮೆಟ್ಟಿಲು ಬಾಕಿಯಿತ್ತು. ಹಲಗೆ ಜಾರಿ ಕೆಳಗೆ ಬಿದ್ದು ಒಡೆಯಿತು. ಬೆಲ್ಟು ಹೊಟ್ಟೆಗೆ ಒತ್ತಿ ನಾನು ಅಲ್ಲೇ ನೇತಾಡಿದಂತೆ ನಿಂತೆ.

"ನಂಗೂ ಒಂದ್ಸಲ ಹಿಂಗೇ ನೆಲ ಬಂತು ಅನ್ಸಿತ್ತು ನೀಮಿ," ಎಂದರು ಬೆನ್ನ ಹಿಂದಿನಿಂದ. "ಆಗ ಬೆಲ್ಟ್ ಹಿಡಿಯೋಕೆ ಯಾರೂ ಇರ್ಲಿಲ್ಲ."

ನಾನು ನಕಲು ಮಾಡುತ್ತಿದ್ದ ಆ ನಡಿಗೆ ನೆನಪಾಗಿ ನಾಚಿಕೆಯಿಂದ ಸತ್ತೆ. ಒನುಕಿ ಸಾನ್ ಹಲಗೆಯವರನ್ನು ತಡೆದು ನಿಲ್ಲಿಸಿದ. ನಾನು ಹೋಗಿ ನನ್ನ ಗೋಡೆಯ ಬುಡದಿಂದ ದೀಪ ತಂದು ಕೊಕ್ಕೆಗೆ ಹಾಕಿ ಹೊತ್ತಿಸಿದೆ. ಆಮೇಲೆ ಎಲ್ಲರೂ ಮತ್ತೆ ಕೂಗಿದೆವು. ಹನ್ನೆರಡು ವರ್ಷದಿಂದ ಕೂಗುತ್ತಿದ್ದೇನೆ, ನೋಡಿ ಕೂಗಿದ್ದು ಅವತ್ತೇ ಮೊದಲು.

ಮಧ್ಯಾಹ್ನ ಎಂಟೂ ಜನ ಊಟಕ್ಕೆ ಮೇಲೆ ಬಂದರು. ತೊಮೋಯೆ ಸಾನ್ ತಮ್ಮ ವ್ಯಾನಿನಿಂದ ಸ್ಟ್ಯಾಂಡಿನ ದೀಪವೊಂದನ್ನು ತಂದು ನನ್ನ ಗೋಡೆಯ ಪಕ್ಕ ಇಟ್ಟರು. ಇದು ಮೊದಲಿಂದಲೂ ಇತ್ತಾ ಎಂದು ಕೇಳಿದೆ.

"ಆರು ಸೈಟಿಂದ ಇದೆ," ಎಂದರು. "ನೀನು ಬಿಚ್ಕೊಂಡು ಹೋದೆ, ಒಂದ್ಸಲಾನೂ ಕೇಳ್ಲಿಲ್ಲ."