ಗುಂಡಿಗೆ ಹೆದರಿದ ದರ್ಜಿ

ಹುಲಿ ಎದುರಾದರೂ ಸೊಂಟದ ಅಳತೆ ತೆಗೆದು, ‘ಬರುವ ವಾರ ಬಾ’ ಎಂದು ಕಳಿಸುವಂಥ ದರ್ಜಿ ಅವನು. ಆದರೆ ಅಂಗಿಯ ಗುಂಡಿ ಕಂಡರೆ ಮೈಯೆಲ್ಲ ಬೆವರು. ಒಂದು ಗುಂಡಿ ನೆಲಕ್ಕೆ ಬಿದ್ದು ಟಿಕ್ಕೆಂದರೆ ಸಾಕು, ಮೂರು ಬೀದಿ ದಾಟಿ ನಿಂತು, “ಸಿಕ್ಕಿತೇನೇ?” ಎಂದು ಅಲ್ಲಿಂದಲೇ ಹೆಂಡತಿಯನ್ನು ಕೂಗಿ ಕೇಳುತ್ತಿದ್ದ. ಅವನ ಸ್ವಂತ ಅಂಗಿಗೆ ಲಾಡಿ.

ಆದರೂ ಹೊಲಿಗೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗುಂಡಿ ತೂರುವ ಕಾಜವನ್ನಂತೂ ಎಷ್ಟು ಅಚ್ಚುಕಟ್ಟಾಗಿ ಹೊಲಿಯುತ್ತಿದ್ದನೆಂದರೆ, ಹಾವಿಗೆ ಹೆದರುವವನು ಕೂತು ಹುತ್ತ ಕಟ್ಟಿಕೊಟ್ಟ ಹಾಗೆ. ಮುಂದಿನದು ಹೆಂಡತಿಯ ಪಾಲು. ಆಕೆ ಪರದೆಯ ಹಿಂದೆ ಗುಂಡಿ ಹಾಕಿ, ಮಡಿಸಿ, ಕಾಗದ ಸುತ್ತಿಯೇ ಈಚೆ ಕೊಡುತ್ತಿದ್ದಳು.

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಅವನು ಐದು ವರ್ಷದವನಿದ್ದಾಗ ತೊಟ್ಟಿಲಲ್ಲಿದ್ದ ತಮ್ಮ ಸತ್ತ. ಇವನು ಆಟಕ್ಕೆ ಕೊಟ್ಟ ಗುಂಡಿ ಮಗುವಿನ ಗಂಟಲಿಗೆ ಸಿಕ್ಕಿಕೊಂಡಿತೆಂದು ಅಪ್ಪ ಬಂದವರಿಗೆಲ್ಲ ಹೇಳಿದ. ಬಂದವರು ತಿರುಗಿ ಇವನನ್ನು ನೋಡಿದರು. ಅಪ್ಪನೂ ದರ್ಜಿ. ಮೆಷಿನ್ನು, ಕತ್ತರಿ, ಈ ಪಾಪ, ಮೂರೂ ಅಪ್ಪನಿಂದ ಬಂದ ಆಸ್ತಿ.

ಕೊನೆಗೆ ಹೆಂಡತಿಯ ಕಣ್ಣು ಮಂಜಾಯಿತು. ಕೂಲಿಗೆ ಬಂದವರಿಗೆ ಗುಂಡಿ ಹಾಕುವುದಕ್ಕಿಂತ ಯಜಮಾನನನ್ನು ಕುಣಿಸುವುದೇ ಮೋಜು. ಒಬ್ಬ ಅವನ ಚಹಾದ ಲೋಟಕ್ಕೇ ಗುಂಡಿ ಹಾಕಿದ. ಅಂಗಿಗಳು ಗೂಟದಲ್ಲಿ ಎದೆ ತೆರೆದು ನೇತಾಡಿದವು. ಗಿರಾಕಿಗಳು ಒಬ್ಬೊಬ್ಬರಾಗಿ ಎದುರು ಅಂಗಡಿಗೆ ದಾಟಿದರು.

“ಒಂದೇ ಒಂದು ಹಾಕ್ರಿ,” ಎಂದು ಹೆಂಡತಿ ಬೇಡಿಕೊಂಡಳು. “ಇಲ್ದಿದ್ರೆ ಅಂಗಡಿ ಉಳಿಯಲ್ಲ. ಕಣ್ಣು ಮುಚ್ಕೊಂಡು ಹಾಕಿ. ನನಗೂ ಕಾಣಲ್ಲ, ನಿಮಗೂ ಕಾಣಲ್ಲ, ಜೋಡಿ ಸರಿಹೋಗುತ್ತೆ.”

“ತಮ್ಮನ್ನ ಕೊಂದ ಕೈ ಕಣೇ ಇದು.”

ಪರದೆಯ ಹಿಂದೆ, ಮೂಲೆಯ ಮಂಚದಲ್ಲಿ ಸ್ವೆಟರ್ ತೊಟ್ಟು ಮಲಗಿದ್ದ ಮುದಿ ತಾಯಿ ಮಗ್ಗುಲಾದಳು.

“ಗುಂಡಿನೂ ಇಲ್ಲ, ಗಿಂಡಿನೂ ಇಲ್ಲ. ಮಗೂಗೆ ಜ್ವರ ಇತ್ತು. ಡಾಕ್ಟರ ಹತ್ರ ಹೋಗೋಣ ಅಂದೆ. ಕೈಯಲ್ಲಿರೋ ಕೋಟು ಮುಗೀಲಿ, ನಾಳೆ ನೋಡೋಣ ಅಂದ್ರು ನಿಮ್ಮಪ್ಪ.”

ಮೆಷಿನ್ನು ನಿಂತಿತು.

“ಮತ್ತೆ ಗುಂಡಿ?”

“ನಿನ್ನ ಕೈಲಿ ಒಂದು ಇತ್ತಲ್ಲ. ಬಂದೋರಿಗೆ ಏನಾದ್ರೂ ಹೇಳ್ಬೇಕಿತ್ತು.”

“ನನಗಾದ್ರೂ ನಿಜ ಹೇಳ್ಬಹುದಿತ್ತಲ್ಲಮ್ಮ.”

“ಚಿಕ್ಕೋನು, ಮರೀತೀಯ ಅಂದ್ಕೊಂಡ್ವಿ ಕಣೋ.”

ಜೀವಮಾನವಿಡೀ ಹೊತ್ತ ಹೆಣ ತನ್ನದಲ್ಲವೆಂದು ತಿಳಿದ ಮೇಲೆ ಹೆಗಲು ಹಗುರಾಗಬೇಕಿತ್ತು. ಅವನೂ ಹಾಗೇ ಅಂದುಕೊಂಡು, ಹಲ್ಲು ಕಚ್ಚಿ ಹೆಂಡತಿಯ ಮುಂದೆ ಅಂಗೈ ಚಾಚಿದ. ಆಕೆ ತಡಕಾಡಿ ಒಂದು ಬಿಳಿ ಗುಂಡಿ ಇಟ್ಟಳು. ಕೈ ನಡುಗಿತು, ಮೇಜು ನಡುಗಿತು, ಎದುರು ಅಂಗಡಿಯ ಬೋರ್ಡೂ ನಡುಗಿತು. ಗುಂಡಿ ನೆಲಕ್ಕೆ ಬಿತ್ತು. ಸುಳ್ಳು ಸತ್ತಿತ್ತು, ಹೆದರಿಕೆಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

“ನಿಜ ಹೇಳಿದ್ನಲ್ಲೋ, ಇನ್ನೂ ಏನು ನಿಂದು?” ಎಂದಳು ತಾಯಿ.

ಅಂಗಡಿ ಮುಚ್ಚಿತು. ಈಗ ಅವನು ಮನೆಯಲ್ಲೇ ದಿಂಬಿನ ಚೀಲ ಹೊಲಿಯುತ್ತಾನೆ. ದಿಂಬಿಗೆ ಗುಂಡಿ ಬೇಡ. ಈ ಚಳಿಗಾಲದಲ್ಲಿ ತಾಯಿಯ ಸ್ವೆಟರಿನ ಗುಂಡಿ ಕಿತ್ತುಬಂತು. ಹಾಕಿಕೊಡುವವರಿಲ್ಲ. ಸೊಸೆ ಕೈಯಂದಾಜಿನಲ್ಲೇ ಒಂದು ಪಿನ್ನು ಚುಚ್ಚಿಕೊಟ್ಟಿದ್ದಾಳೆ.

“ಎದೆಗೆ ಚುಚ್ಚುತ್ತೆ ಕಣೋ,” ಎಂದು ಮುದುಕಿ ನರಳುತ್ತಾಳೆ.

“ಮರೀತೀಯ ಬಿಡಮ್ಮ,” ಎಂದು ಮಗ ತಲೆಯೆತ್ತದೆ ಮೆಷಿನ್ನು ತುಳಿಯುತ್ತಾನೆ.