ಎರಡು ಪಂಚಾಂಗದ ನಡುವೆ ಒಂದು ತಟ್ಟೆ ಬೋಂಡಾ

ನನ್ನ ಕಥೆಗಳನ್ನು ಮೊದಲು ಓದುತ್ತಿದ್ದವಳು ಅಕ್ಕ. ಚೆನ್ನೈನಲ್ಲಿ ಪೆರಂಬೂರಿನಿಂದ ಸೆಂಟ್ರಲ್‌ಗೆ ಹೋಗುವ ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ಕಂಬಿಗೆ ಒರಗಿ ಓದುತ್ತಿದ್ದಳು. ಸಂಜೆ ಇನ್ಶೂರೆನ್ಸ್ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ ತೀರ್ಪು. ಒಂದು ಸಲ ಹೀಗೆಂದಳು: "ಈ ಹುಡುಗಿ ಒಳ್ಳೆಯವಳು, ಒಳ್ಳೆಯವಳು ಅಂತ ಪುಟಪುಟಕ್ಕೂ ಬರ್ದಿದ್ದೀಯಲ್ಲ ಡಾ, ನಿನಗೇ ನಂಬಿಕೆ ಇಲ್ವಾ?"

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ಹಳೆಯದನ್ನೆಲ್ಲ ಒಡೆದು ಹಾಕಬೇಕೆಂಬ ಹುರುಪು ನನಗೆ. ಕಥೆಗೆ ಆರಂಭ ಬೇಡ, ಮುಕ್ತಾಯ ಬೇಡ, ಸಾಧ್ಯವಾದರೆ ಪೂರ್ಣವಿರಾಮವೂ ಬೇಡ. ಒಂದು ಕಥೆಯಲ್ಲಂತೂ ಯಾರೂ ಬಾಯಿ ಬಿಡುವುದೇ ಇಲ್ಲ, ಎಲ್ಲರೂ ಕಿಟಕಿಯ ಹತ್ತಿರ ನಿಂತು ಯೋಚಿಸುತ್ತಾರೆ. ಅದನ್ನು ಓದಿದ ಅಕ್ಕ, ಇವರಿಗೆಲ್ಲ ಬೇರೆ ಕೆಲಸವಿಲ್ಲವೇ, ಒಬ್ಬರಾದರೂ ಎದ್ದು ಹೋಗಿ ಕಾಫಿಗೆ ನೀರಿಡಬಾರದೇ ಎಂದು ಕೇಳಿದಳು. ಅವರ ಒಳಮನಸ್ಸು ಮುಖ್ಯ ಎಂದು ನಾನು ವಾದಿಸಿದೆ. ಒಳಮನಸ್ಸು ಇದ್ದರೆ ಅದು ಕೈಯಲ್ಲೋ ಬಾಯಲ್ಲೋ ಬಂದೇ ಬರುತ್ತದೆ, ಬರದಿದ್ದರೆ ಅದು ಇಲ್ಲವೆಂದೇ ಲೆಕ್ಕ ಎಂದಳು ಅಕ್ಕ.

ಅವಳಿಗೆ ಈ ಹಟ ಬಂದದ್ದು ಸಾಹಿತ್ಯದಿಂದಲ್ಲ. ಹಿಂದಿನ ವರ್ಷ ಅವಳಿಗೆ ಒಂದು ಸಂಬಂಧ ಹೆಚ್ಚುಕಡಿಮೆ ನಿಶ್ಚಯವಾಗಿ ಮುರಿದಿತ್ತು. ಹುಡುಗ ಬಹಳ ಸಾಧು ಎಂದು ಎಲ್ಲರೂ ಹೇಳಿದ್ದರು. ಮದುವೆಯಾದ ಮೇಲೂ ನೀನು ಕೆಲಸಕ್ಕೆ ಹೋಗಬಹುದು ಎಂದು ಅವನು ಅಕ್ಕನ ಹತ್ತಿರ ಬೇರೆಯಾಗಿ ಹೇಳಿದ್ದ. ಆದರೆ ಮಾತುಕತೆಯ ದಿನ ಅವನ ತಾಯಿ, ನಮ್ಮ ಮನೆ ಸೊಸೆ ಆಫೀಸಿಗೆ ಹೋಗುವುದು ಬೇಡ ಎಂದಾಗ, ಆ ಸಾಧು ತನ್ನ ಕೈಗಡಿಯಾರಕ್ಕೆ ಕೀಲಿ ಕೊಡುತ್ತ ಕೂತಿದ್ದ. ಅಂದಿನಿಂದ ಅಕ್ಕನಿಗೆ ಗುಣವಾಚಕಗಳ ಮೇಲೆ ವಿಶ್ವಾಸ ಹೋಯಿತು. ಮುಂದೆ ಬರುವವನ ವಿಷಯದಲ್ಲಿ ಅವಳು ತಿಳಿಯಬೇಕೆಂದಿದ್ದದ್ದು ಒಂದೇ: ತಾಯಿಯ ಎದುರು ಅವನು ತನ್ನ ಮಾತು ತಾನು ಆಡುತ್ತಾನೋ ಇಲ್ಲವೋ.

ಆಗ ಬಂದದ್ದು ತಿರುವೊಟ್ಟಿಯೂರಿನ ಸಂಬಂಧ. ಹುಡುಗ ಅಲ್ಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ತಾಯಿ ಮಗ ಇಬ್ಬರೇ. ಸಂಬಂಧ ತಂದವರು ನಮಗೆ ದೂರದಲ್ಲಿ ಮಾವನಾಗಬೇಕಾದವರು, ಊರಿನ ಅರ್ಧ ಮದುವೆಗಳನ್ನು ತಾವೇ ಮಾಡಿಸಿದ್ದೆಂದು ನಂಬಿದವರು. ಹುಡುಗ ಹೇಗೆ ಎಂದು ಅಮ್ಮ ಕೇಳಿದಾಗ, "ತುಂಬಾ ಮೃದು, ತುಂಬಾ ಮರ್ಯಾದೆ" ಎಂದರು. ಅಕ್ಕ ನನ್ನ ಕಡೆ ತಿರುಗಿ, "ನಿನ್ನ ಕಥೆ ಓದಿರಬೇಕು ಇವರು" ಎಂದಳು.

ಭಾನುವಾರ ಮಧ್ಯಾಹ್ನ ಬರುತ್ತೇವೆಂದು ಅವರೇ ಹೇಳಿ ಕಳಿಸಿದರು. ಅಪ್ಪ ಪಂಚಾಂಗ ನೋಡಿ, ಶನಿವಾರ ಏಕಾದಶಿ, ಭಾನುವಾರ ದ್ವಾದಶಿ, ಪ್ರಶಸ್ತವಾದ ದಿನ ಎಂದು ಒಪ್ಪಿದರು. ಉಪವಾಸದ ಮರುದಿನವಾದ್ದರಿಂದ ಅಮ್ಮನಿಗೂ ಉತ್ಸಾಹ. ಕೇಸರಿ, ಬೋಂಡಾ, ತೆಂಗಿನಕಾಯಿ ಚಟ್ನಿ ಎಲ್ಲ ಸಿದ್ಧವಾಯಿತು. ಹೊರಗೆ ಮಳೆ ಹನಿಯುತ್ತಿತ್ತು ಎಂದು ನಾನು ಹಿಂದೊಮ್ಮೆ ಬರೆದಿದ್ದೆ. ಹನಿಯುತ್ತಿರಲಿಲ್ಲ. ಅದು ನಾನು ಸೇರಿಸಿದ ಮಳೆ. ಬಿಸಿಲಿತ್ತು, ಬಂದವರು ಬೆವರು ಒರೆಸಿಕೊಳ್ಳುತ್ತಲೇ ಒಳಗೆ ಬಂದರು.

ಅಕ್ಕ ತಟ್ಟೆಗಳನ್ನು ತಂದು ಮುಂದಿಟ್ಟಳು. ಮಾವ ಕೂಡಲೇ ಒಂದು ಬೋಂಡಾ ಮುರಿದರು. ಹುಡುಗನ ತಾಯಿ ಮಾತ್ರ ತಟ್ಟೆಯನ್ನು ಒಂದು ಬೆರಳಿನಿಂದ ಹಿಂದಕ್ಕೆ ಸರಿಸಿ, "ಇವತ್ತು ನಮಗೆ ಏಕಾದಶಿ ಅಲ್ವಾ" ಎಂದರು.

ಅವರ ಮಠ ಬೇರೆ, ನಮ್ಮ ಮಠ ಬೇರೆ, ಎರಡಕ್ಕೂ ಬೇರೆ ಬೇರೆ ಪಂಚಾಂಗ. ವರ್ಷದಲ್ಲಿ ಕೆಲವು ಸಲ ಏಕಾದಶಿ ಒಂದು ದಿನ ಹಿಂದೆಮುಂದಾಗುವುದುಂಟು. ಅದು ಎಲ್ಲರಿಗೂ ಗೊತ್ತು, ಆ ವಾರ ಯಾರಿಗೂ ನೆನಪಾಗಿರಲಿಲ್ಲ. ಅವರು ಭಾನುವಾರವನ್ನೇ ಹೇಳಿದ್ದು ನಮ್ಮ ಮೇಲಿನ ಮರ್ಯಾದೆಯಿಂದಂತೆ. ಎರಡೂ ಮನೆಗೆ ಉಪವಾಸವಿದ್ದರೆ ಹೆಣ್ಣಿನ ಮನೆಯವರಿಗೆ ತಿಂಡಿ ಮಾಡುವ ಶ್ರಮವಿರದು ಎಂದು ಯೋಚಿಸಿದ್ದರಂತೆ. ಅಮ್ಮ ಕೈಯಲ್ಲಿದ್ದ ಚಟ್ನಿ ಬಟ್ಟಲನ್ನು ಎಲ್ಲಿಡುವುದೆಂದು ತಿಳಿಯದೆ ಅಡುಗೆಮನೆಯ ಬಾಗಿಲ ಒಳಗೇ ಹಿಡಿದುಕೊಂಡು ನಿಂತಳು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅಪ್ಪ, ಶನಿವಾರವೇ ಏಕಾದಶಿ ಆಗಿಹೋಯಿತಲ್ಲ ಎಂದರು. ಶನಿವಾರ ಅರುಣೋದಯಕ್ಕೆ ದಶಮಿ ಇನ್ನೂ ಉಳಿದಿತ್ತು, ಹಾಗಾಗಿ ಉಪವಾಸ ಭಾನುವಾರಕ್ಕೆ ಎಂಬುದು ಆ ತಾಯಿಯ ಲೆಕ್ಕ. ಅಷ್ಟು ಹೊತ್ತಿಗೆ ದಶಮಿ ಮುಗಿದಿತ್ತು ಎಂಬುದು ಅಪ್ಪನ ಲೆಕ್ಕ. ಇಬ್ಬರೂ ಬಹುವಚನ ಬಿಡದೆ, ಮುಗುಳ್ನಗುತ್ತಲೇ, ಒಬ್ಬರ ಪಂಚಾಂಗವನ್ನು ಇನ್ನೊಬ್ಬರು ಕೆಳಗಿಳಿಸುತ್ತ ಹೋದರು. ಯಾವುದು ಸರಿ ಎಂದು ಇಬ್ಬರೂ ಮಾವನನ್ನು ಕೇಳಿದರು. "ನಾನು ತಟ್ಟೆ ನೋಡಿ ಮಠ ಆರಿಸ್ಕೊಳ್ಳೋನು, ನನ್ನ ಕೇಳ್ಬೇಡಿ" ಎಂದು ಅವರು ಎರಡನೇ ಬೋಂಡಾ ತೆಗೆದುಕೊಂಡರು. ಯಾರೂ ನಗಲಿಲ್ಲ.

ಇಲ್ಲಿಂದ ಮುಂದಿನ ದೃಶ್ಯವನ್ನು ನಾನು ಹಲವು ಸಲ ಬರೆದು ಹರಿದಿದ್ದೇನೆ. ಒಂದು ಪ್ರತಿಯಲ್ಲಿ ಹುಡುಗ ಎಲ್ಲರೂ ನೋಡುತ್ತಿರುವಂತೆ ಬೋಂಡಾ ಬಾಯಿಗಿಟ್ಟು ಉಪವಾಸ ಮುರಿಯುತ್ತಾನೆ. ಚೆನ್ನಾಗಿತ್ತು, ಸುಳ್ಳಾಗಿತ್ತು. ಇನ್ನೊಂದರಲ್ಲಿ ಅವನು ತಲೆ ತಗ್ಗಿಸಿ ಕೂತು, ಒಳಗೊಳಗೇ ಬಂಡೇಳುತ್ತಾನೆ. ಅದನ್ನು ಓದಿದ ಅಕ್ಕ, ಒಳಗೊಳಗೇ ಬಂಡೇಳುವವನೊಬ್ಬನನ್ನು ತಾನು ಈಗಾಗಲೇ ನೋಡಿದ್ದೇನೆಂದು ಅಂಚಿನಲ್ಲಿ ಗೀಚಿದ್ದಳು. ನಾನು ಕೂತಿದ್ದ ಸ್ಟೂಲು ಬಾಗಿಲ ಪಕ್ಕದಲ್ಲಿತ್ತೋ ಕಪಾಟಿನ ಪಕ್ಕದಲ್ಲಿತ್ತೋ ಇವತ್ತು ಹೇಳಲಾರೆ. ಅವನು ಆಡಿದ ಮಾತುಗಳು ಮಾತ್ರ ಉಳಿದಿವೆ, ಅವುಗಳನ್ನೂ ಅಕ್ಕನ ಹತ್ತಿರ ಕೇಳಿ ಸರಿಮಾಡಿಕೊಂಡಿದ್ದೇನೆ.

ಅವನು ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೇರ ಅಡುಗೆಮನೆಯ ಕಡೆ ಹೋದ. ಹೊಸಿಲಿನ ಹತ್ತಿರ ನಿಂತ. ಮಡಿಯ ಅಡುಗೆಮನೆಗೆ ಹೊರಗಿನ ಬಟ್ಟೆಯಲ್ಲಿ ಕಾಲಿಡಬಾರದೆಂಬುದು ಯಾವ ಪಂಚಾಂಗದವರಿಗೂ ಗೊತ್ತಿರುವುದೇ. ಅಲ್ಲಿಂದಲೇ ಅಮ್ಮನಿಗೆ, "ಮಾಮಿ, ಒಂದು ಡಬ್ಬಿ ಇದ್ರೆ ಇದನ್ನ ಹಾಕಿಕೊಡಿ. ನಾಳೆ ಬೆಳಿಗ್ಗೆ ಪಾರಣೆಗೆ ತಿಂತೀನಿ" ಎಂದ.

ಅವನ ತಾಯಿ ಅಪ್ಪನನ್ನು ಬಿಟ್ಟು ಅವನ ಕಡೆ ತಿರುಗಿದರು. "ಪಾರಣೆಗೆ ಹಿಂದಿನ ದಿನ ಮಾಡಿದ್ದಾ? ನಮ್ಮ ಮನೇಲಿ ಅದು ಪದ್ಧತಿ ಇದ್ಯಾ?"

"ನಿನಗಿಲ್ಲಮ್ಮ. ನೀ ಬೇರೆ ಮಾಡ್ಕೋ. ಇದನ್ನ ನಾನು ತಿಂತೀನಿ."

ದನಿ ಏರಲಿಲ್ಲ. ಬಸ್ ನಂಬರು ಹೇಳುವವರ ಹಾಗೆ ಹೇಳಿದ. ಅಮ್ಮ ಇನ್ನೂ ಬಟ್ಟಲು ಹಿಡಿದೇ ಇದ್ದುದರಿಂದ ಅಕ್ಕ ಹೋಗಿ ಸ್ಟೀಲ್ ಡಬ್ಬಿ ತಂದು ಹೊಸಿಲಿನ ಒಳಗಡೆ ನಿಂತಳು. "ಬೋಂಡಾ ನಾಳೆಗೆ ಕಲ್ಲಾಗತ್ತೆ" ಎಂದಳು. ಅವನು, "ಪರವಾಯಿಲ್ಲೆ" ಎಂದ. ತಾಯಿ ಮಗ ಡಬ್ಬಿ ಹಿಡಿದುಕೊಂಡು ಬಸ್ಸಿಗೆ ಹೊರಟರು. ದಾರಿಯಲ್ಲಿ ಅವರಲ್ಲಿ ಏನು ಮಾತಾಯಿತೋ ನಮಗೆ ಗೊತ್ತಿಲ್ಲ. ಕಥೆಯಾಗಿದ್ದರೆ ನಾನು ಆ ಬಸ್ಸನ್ನೂ ಹತ್ತುತ್ತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ, ಹುಡುಗನಿಗೆ ತಾಯಿಯ ಮೇಲೆ ಗೌರವ ಕಡಿಮೆ ಎಂದರು. ಅಮ್ಮ, ಪಾಪ, ನನ್ನ ಮುಖ ಉಳಿಸಿದ ಎಂದಳು. ಊಟವಾದ ಮೇಲೆ ಅಕ್ಕ, ಸಭೆಯಲ್ಲಿ ಒಂದು ಮಾತು ಆಡುವುದು ಸುಲಭ, ನಾಳೆ ಬೆಳಿಗ್ಗೆ ಆ ಕಲ್ಲನ್ನು ತಿನ್ನುತ್ತಾನೋ ಇಲ್ಲವೋ ನೋಡಬೇಕು ಎಂದು ನನಗೊಬ್ಬನಿಗೆ ಹೇಳಿದಳು. ಅದನ್ನು ನೋಡಲು ಯಾರು ಹೋಗುತ್ತಾರೆ ಎಂದು ಕೇಳಿದೆ.

ಸೋಮವಾರ ಸಂಜೆ ಅವನೇ ಬಂದ. ಮೋಟರ್‌ಸೈಕಲ್ ಗೇಟಿನ ಹೊರಗೆ ನಿಲ್ಲಿಸಿ, ಡಬ್ಬಿ ಹಿಂದಿರುಗಿಸಿ ಹೋಗುತ್ತೇನೆಂದು ಬಾಗಿಲಲ್ಲೇ ನಿಂತ. ಅಮ್ಮ ಡಬ್ಬಿ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ನಮ್ಮವರಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಆ ತಾಯಿಗೆ ನಮ್ಮ ಸಂಬಂಧ ಬೇಡವಾಗಿದೆ, ಅದಕ್ಕೇ ಹೀಗೆ ಹೇಳಿ ಕಳಿಸಿದ್ದಾರೆ ಎಂದು ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು, ಕಣ್ಣು ತುಂಬಿಕೊಂಡಿತ್ತು. ಹಿಂದೆಯೇ ಬಂದ ಅಕ್ಕ ಡಬ್ಬಿ ತಿರುಗಿಸಿ ನೋಡಿದಳು. ಅಂಚಿನ ಮಡಿಕೆಯಲ್ಲಿ ಪಾತ್ರೆ ತೊಳೆಯುವ ಸಬ್ಬೀನ ಪುಡಿ ಇನ್ನೂ ಬೆಳ್ಳಗೆ ಅಂಟಿಕೊಂಡಿತ್ತು. "ಅವರಮ್ಮ ತೊಳ್ದಿದ್ರೆ ಹೀಗಿರುತ್ತಿತ್ತಾ? ಸಕ್ಕರೆ ಹಾಕದೆ ಬಿಡ್ತಿದ್ರಾ? ಇವರೇ ತೊಳ್ಕೊಂಡು ತಂದಿದ್ದಾರೆ" ಎಂದು ಬಾಗಿಲಿಗೆ ಹೋದಳು. ನಾನು ಹಿಂದೆ ಹೋದೆ. ಕಥೆಗಾರನ ಹಕ್ಕು ಎಂದುಕೊಂಡೆ.

"ತಿಂದ್ರಾ?" ಎಂದು ಕೇಳಿದಳು.

"ಕೇಸರಿ ಪೂರ್ತಿ ತಿಂದೆ. ಬೋಂಡಾ ಒಂದು ಮುಗಿಸಿದೆ, ಇನ್ನೊಂದು ಆಗ್ಲಿಲ್ಲ."

"ನಿಮ್ಮಮ್ಮ?"

"ನೋಡ್ತಾ ಇದ್ರು."

ಅಕ್ಕ, ತಾನು ಕೆಲಸ ಬಿಡುವವಳಲ್ಲ, ಅದಕ್ಕೆ ಅವನೇನು ಹೇಳುತ್ತಾನೆ ಎಂದು ಕೇಳಿದಳು. ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಬಿಡಬೇಡಿ ಅಂತಾನೇ ಹೇಳೋದು. ಆದ್ರೆ ಇಲ್ಲಿ ಬಾಗಿಲಲ್ಲಿ ನಿಂತು ಹೇಳಿದ್ರೆ ಏನು ಲೆಕ್ಕ? ಅಮ್ಮ ಕೂತಿರೋವಾಗ ಕೇಳಿ. ಅವಾಗ ಹೇಳ್ತೀನಿ."

ಅವನು ಹೋದ ಮೇಲೆ ಅಕ್ಕ ಅಪ್ಪನ ಹತ್ತಿರ ಹೋಗಿ, ಮಾವನಿಗೆ ಫೋನ್ ಮಾಡಿ ಮುಂದಿನ ಮಾತುಕತೆಗೆ ದಿನ ನೋಡಲು ಹೇಳಿ ಎಂದಳು. ಎರಡೂ ಪಂಚಾಂಗ ನೋಡಿ ಎಂದೂ ಹೇಳಿದಳು. ಅಪ್ಪ ಕನ್ನಡಕ ಹುಡುಕುತ್ತ, ಅವರ ಪಂಚಾಂಗಕ್ಕೆ ಎಲ್ಲಿಗೆ ಹೋಗಲಿ ಎಂದು ಗೊಣಗಿದರು. ಮೂರು ವಾರದ ನಂತರ ತಿರುವೊಟ್ಟಿಯೂರಿನ ಅವರ ಮನೆಯಲ್ಲಿ, ಅವನ ತಾಯಿ ಕೂತಿರುವಾಗ, ಅಕ್ಕ ಅದೇ ಪ್ರಶ್ನೆ ಕೇಳಿದಳು. ಅವನು ಅದೇ ಉತ್ತರ ಕೊಟ್ಟ. ಆ ತಾಯಿ ಎದ್ದು ಒಳಗೆ ಹೋದರು. ನಾವು ಬಹಳ ಹೊತ್ತು ಅವರು ಹೋದ ಬಾಗಿಲನ್ನೇ ನೋಡುತ್ತ ಕೂತಿದ್ದೆವು. ಆಮೇಲೆ ಒಳಗಿನಿಂದ ಅಕ್ಕನನ್ನು ಕರೆದು, ಆಫೀಸಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಅಷ್ಟರಲ್ಲಿ ಅಡುಗೆ ಆಗಬೇಕಲ್ಲ ಎಂದು ಕೇಳಿದರು.