ಕುತ್ತಿಗೆಯ ಗಂಟಿನೊಳಗಿನ ನಾಡಿ

ದೆವ್ವ, ಗಾಳಿ ಎಂದುಕೊಂಡು ಬರುವವರನ್ನು ನಾನು ಗದರಿಸಿ ಕಳಿಸುತ್ತಿದ್ದೆ. 'ಇಲ್ಲಿ ಔಷಧಿ ಕೊಡ್ತೀವಿ, ತಾಯತ ಅಲ್ಲ' ಎನ್ನುವುದು ಬಾಯಿಪಾಠವಾಗಿತ್ತು. ನೀವೂ ಹಾಗೇ ಇದ್ದರೆ ಸಂತೋಷ. ನಾನಂತೂ ಈಗ ಅಷ್ಟು ಜೋರಾಗಿ ಹೇಳಲಾರೆ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ಕಾಲ. ಹಾಸಿಗೆಯ ಪಕ್ಕಕ್ಕೇ ತಂದು ನೋಡುವಂಥ ಪುಟ್ಟ ಸ್ಕ್ಯಾನಿಂಗ್ ಯಂತ್ರ ನನ್ನ ನರ್ಸಿಂಗ್ ಹೋಮಿಗೆ ಹೊಸದಾಗಿ ಬಂದಿತ್ತು. ಒಂದು ಮಧ್ಯಾಹ್ನ ಗೌರಮ್ಮ ಎಂಬಾಕೆ ಸೊಸೆ ಶಶಿಕಲಾಳನ್ನು ಕರೆತಂದರು. ಸೊಸೆಯ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಊತ. ಬಿಸಿ ರಾಗಿಹಿಟ್ಟು ಕಟ್ಟಿ ಕಟ್ಟಿ ಚರ್ಮ ಕೆಂಪಗೆ ಹೊಳೆಯುತ್ತಿತ್ತು.

"ಕುರು ಹಣ್ಣಾಗೈತೆ ಸಾರ್, ಕುಯ್ದು ಕೀವು ತೆಗ್ದ್ಬಿಡಿ" ಎಂದರು ಗೌರಮ್ಮ.

ಕುರುವಾದರೆ ಕುಯ್ಯಬೇಕು. ಕ್ಷಯದ ಗಂಟಾದರೆ ಕುಯ್ಯಬಾರದು, ಗಾಯ ಮಾಯದೆ ತಿಂಗಳುಗಟ್ಟಲೆ ಸೋರುತ್ತದೆ. ಯಂತ್ರವಿಟ್ಟು ಒತ್ತಿದೆ. ಒಳಗೆ ಕಪ್ಪಗೆ ಕಂಡದ್ದು ಕದಡಿತು. ಕೀವೇ ಸರಿ ಎಂದು ಬ್ಲೇಡ್ ಕೈಗೆತ್ತಿಕೊಂಡೆ. ಯಾಕೋ ಇನ್ನೊಮ್ಮೆ ಯಂತ್ರವಿಟ್ಟು, ರಕ್ತದ ಓಟ ತೋರಿಸುವ ಬಣ್ಣದ ಗುಂಡಿ ಒತ್ತಿದೆ. ಕಪ್ಪಿನ ನಟ್ಟನಡುವೆ ಕೆಂಪು ಚುಕ್ಕೆಯೊಂದು ಬಡಿಯುತ್ತಿತ್ತು, ತೀರಾ ನಿಧಾನವಾಗಿ. ಶಶಿಕಲಾಳ ಮಣಿಕಟ್ಟು ಹಿಡಿದೆ. ಅಲ್ಲಿ ನಾಡಿ ಓಡುತ್ತಿತ್ತು. ಒಂದೇ ಮೈಯಲ್ಲಿ ಎರಡು ಬಡಿತ!

"ಸಾರ್, ಇದ್ಯಾರ್ದು ನಾಡಿ?" ಎಂದಳು ಪಕ್ಕದಲ್ಲಿದ್ದ ನರ್ಸ್.

ಶಶಿಕಲಾ ಬಿಕ್ಕತೊಡಗಿದಳು. "ನಿಮ್ಗೂ ಕಾಣ್ತಾ? ಒಳ್ಗೆ ಬೇರೆ ಯಾರೋ ಕೂತಂಗೈತೆ ಅಂತ ಬಡ್ಕೊಂಡೆ. ಹಣ್ಣಾಗ್ವಾಗ ಹಂಗೇ ಮಿಡಿಯೋದು ಸುಮ್ನಿರು ಅಂದ್ರು ಅತ್ತೆ."

ಮುಚ್ಚಿಡುವುದೇನಿದೆ, ಹೆದರಿದೆ. ಕೈ ನಡುಗಿತು. ಬ್ಲೇಡ್ ಕೆಳಗಿಟ್ಟು ಅವಳನ್ನು ಬೆಂಗಳೂರಿಗೆ ಕಳಿಸಿದೆ.

ಅಲ್ಲಿ ಸೂಜಿ ಹಾಕಿ ಪರೀಕ್ಷಿಸಿ ಕ್ಷಯದ ಗಂಟೇ ಎಂದರು. ಕುಯ್ಯದೆ ಒಳ್ಳೆಯದು ಮಾಡಿದಿರಿ, ಆದರೆ ಒಳಗೆಲ್ಲೂ ರಕ್ತದ ಓಟವೇ ಇಲ್ಲವಲ್ಲ ಎಂದರು. ಯಂತ್ರವನ್ನು ಬಿಚ್ಚಿಸಿ ನೋಡಿದೆ, ದೋಷವಿರಲಿಲ್ಲ. ನಿಮ್ಮ ಕೈ ನಡುಕವೇ ಪರದೆಯ ಮೇಲೆ ಕಂಡಿರಬೇಕು ಎಂದು ಗೆಳೆಯರು ನಕ್ಕರು. ಕೈ ನಡುಗಿದ್ದು ಅದನ್ನು ನೋಡಿದ ಮೇಲೆ ಕಣ್ರೀ!

ಮಾತ್ರೆಯಲ್ಲೇ ಗಂಟು ಕರಗಿತು. ಮತ್ತೆ ತೋರಿಸಲು ಬಂದಾಗ ಶಶಿಕಲಾ ಮೈಕೈ ತುಂಬಿಕೊಂಡಿದ್ದಳು. ಅಬ್ಬಾ, ಉಳಿದಳಲ್ಲ ಎಂದು ಜೀವ ತಣ್ಣಗಾಯಿತು. ಹೊರಟವಳು ಬಾಗಿಲಲ್ಲಿ ನಿಂತು, ಅತ್ತೆ ಮುಂದೆ ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದಳು:

"ಅದು ಹೋದ್ಮೇಲೆ ಮಲಗಿದ್ರೆ ಒಂಟಿ ಅನ್ಸುತ್ತೆ ಸಾರ್."